ನಮ್ಮ ಶಾಲೆಯ ಕರಿಗಡಿಯಾರ: ಗುರುತು, ಬೆಲೆ, ಆರೈಕೆ

ಕಳೆದ ವರ್ಷದ ಬೇಸಗೆ ರಜೆಯಲ್ಲಿ, ಶತಮಾನೋತ್ಸವದ ಸಿದ್ಧತೆಗೆಂದು ಕಚೇರಿಗೆ ಸುಣ್ಣ ಬಳಿಸಲು ತೊಡಗಿದಾಗ, ದಾಖಲೆಪತ್ರಗಳ ಕಪಾಟಿನ ಮೇಲಿದ್ದ ಕಪ್ಪು ಗಡಿಯಾರವನ್ನು ಕೆಳಗಿಳಿಸಬೇಕಾಯಿತು. ಈ ಶಾಲೆಯಲ್ಲಿ ಕಲಿತ ಯಾರಿಗೂ ಅದರ ಪರಿಚಯ ಹೇಳಬೇಕಾಗಿಲ್ಲ. ಪುಟ್ಟ ಗುಡಿಯಂತಹ ಆಕಾರ, ಮುಂಭಾಗದಲ್ಲಿ ಎಡಕ್ಕೆರಡು ಬಲಕ್ಕೆರಡು ಹಸಿರು ಕಂಬಗಳು, ಎರಡೂ ಪಕ್ಕೆಗಳಲ್ಲಿ ಬಾಯಲ್ಲಿ ಬಳೆ ಕಚ್ಚಿದ ಸಿಂಹದ ಮುಖ. ಮಧ್ಯಾಹ್ನದ ಹನ್ನೆರಡು ಹೊಡೆತ ಮುಗಿದೊಡನೆ ಆ ಸಿಂಹ ಕಣ್ಣು ಮಿಟುಕಿಸುತ್ತದೆ ಎಂದು ಒಂದನೆಯ ತರಗತಿಯವರನ್ನು ಹೆದರಿಸದ ನಾಲ್ಕನೆಯ ತರಗತಿಯವರು ಇಲ್ಲಿ ಆಗಿಹೋಗಿಲ್ಲ. ಗಂಟೆಗಳು ಒಳಗಿನ ತಂತಿಸುರುಳಿಯ ಮೇಲೆ ಗಂಭೀರವಾಗಿಯೂ ಅರ್ಧಗಂಟೆ ಸಣ್ಣ ಬಟ್ಟಲಗಂಟೆಯ ಮೇಲೆ ಕಿಣಿ ಎಂದೂ ಬಾರಿಸುತ್ತಿದ್ದವು. ದಿನವೊಂದಕ್ಕೆ ಗಂಟೆಗಳ ಲೆಕ್ಕದಲ್ಲಿ 156, ಅರ್ಧಗಂಟೆಗಳ ಲೆಕ್ಕದಲ್ಲಿ 24, ಒಟ್ಟು 180 ಹೊಡೆತ. ಈ ಮೊತ್ತವನ್ನು ಕಂಡುಹಿಡಿಯುವುದು ನಮ್ಮ ಶಾಲೆಯಲ್ಲಿ ಬಹುಕಾಲದಿಂದ ಗಣಿತದ ಒಂದು ಮನೆಗೆಲಸ.

ಆದರೆ ಕಳೆದ ಹಲವು ವರ್ಷಗಳಿಂದ ಗಡಿಯಾರ ನಿಂತಿತ್ತು. ಗೋಡೆಯ ಬ್ಯಾಟರಿ ಗಡಿಯಾರವೊಂದು ಅದರ ಕೆಲಸವನ್ನು ಸದ್ದಿಲ್ಲದೆ ವಹಿಸಿಕೊಂಡಿತ್ತು. ನಿಂತ ಗಡಿಯಾರಕ್ಕೆ ಉಳಿದಿದ್ದುದು ಅದರ ಕಥೆಯೊಂದೇ. ಶಾಲೆ ಆರಂಭವಾದ 1925ರಲ್ಲಿ, ಕಾಸರಗೋಡು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದಾಗ, ಮಂಗಳೂರಿನಿಂದ ಬಂದ ಕಲೆಕ್ಟರ್ ದೊರೆಗಳು ಮಕ್ಕಳ ಪದ್ಯವಾಚನಕ್ಕೆ ಮೆಚ್ಚಿ ಇಂಗ್ಲೆಂಡಿನಿಂದ ಈ ಕರಿ ಅಮೃತಶಿಲೆಯ ಗಡಿಯಾರವನ್ನು ತರಿಸಿಕೊಟ್ಟರೆಂಬುದು ಆ ಕಥೆ. ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ಇದು ಅಚ್ಚಾಗಿದೆ. ವಾರ್ಷಿಕೋತ್ಸವದ ಸ್ವಾಗತ ಭಾಷಣಗಳಲ್ಲಿ ನಾವೂ ಇದನ್ನು ಹೇಳುತ್ತ ಬಂದಿದ್ದೇವೆ, ಒಮ್ಮೊಮ್ಮೆ ಸ್ವಲ್ಪ ಬಣ್ಣವನ್ನೂ ಸೇರಿಸಿ.

ಈ ಕಥೆಯೇ ಗಡಿಯಾರಕ್ಕೆ ಗಂಡಾಂತರವಾಯಿತು. ನಾಲ್ಕನೆಯ ತರಗತಿಯ ಹಳೆಯ ಕೊಠಡಿಯ ಮಾಡು ಎರಡು ಮಳೆಗಾಲಗಳಿಂದ ಸೋರುತ್ತಿದೆ. ಪಕ್ಕಾಸು, ರೀಪು, ಮಂಗಳೂರು ಹಂಚು ಎಲ್ಲವೂ ಹೊಸದಾಗಬೇಕು. ಶತಮಾನೋತ್ಸವ ಸಮಿತಿಯ ಸಭೆಯಲ್ಲಿ ಒಬ್ಬ ಸದಸ್ಯರು, ಇಂಗ್ಲೆಂಡಿನ ಅಮೃತಶಿಲೆಯ ಗಡಿಯಾರಗಳಿಗೆ ಈಗ ಲಕ್ಷಗಟ್ಟಲೆ ಬೆಲೆಯಿದೆ, ನಡೆಯದ ಗಡಿಯಾರವನ್ನು ಮಾರಿ ನಡೆಯುವ ಮಕ್ಕಳಿಗೆ ಸೂರು ಮಾಡೋಣ ಎಂದರು. ಮಾತಿನಲ್ಲಿ ತಪ್ಪೇನಿರಲಿಲ್ಲ. ಕನ್ನಡ ವಿಭಾಗಕ್ಕೆ ಸೇರುವ ಮಕ್ಕಳ ಸಂಖ್ಯೆಯನ್ನು ಪ್ರತಿ ಜೂನ್ ತಿಂಗಳಲ್ಲಿ ಉಸಿರು ಬಿಗಿಹಿಡಿದು ಎಣಿಸುವ ನಮಗೆ, ಸೋರುವ ತರಗತಿ ತಂದೆತಾಯಿಯರ ಮನಸ್ಸಿನಲ್ಲಿ ಏನು ಮಾಡುತ್ತದೆಂಬುದು ಗೊತ್ತು. ಮಾರುವ ಮುನ್ನ ಗಡಿಯಾರದ ವಿವರಗಳನ್ನು ಒಂದು ಪುಟದಲ್ಲಿ ಬರೆದುಕೊಡಬೇಕೆಂದು ಸಮಿತಿ ನಮಗೆ ವಹಿಸಿತು. ಆ ಒಂದು ಪುಟವನ್ನು ಬರೆಯಲು ಹೊರಟದ್ದರ ಫಲವೇ ಈ ಲೇಖನ.

ಮೊದಲು ಹೆಸರಿನ ವಿಚಾರ. ಇಂತಹ ಗಡಿಯಾರಗಳಿಗೆ ಇಂಗ್ಲಿಷಿನಲ್ಲಿ ಮ್ಯಾಂಟೆಲ್ ಕ್ಲಾಕ್ ಎನ್ನುತ್ತಾರೆ. ಚಳಿನಾಡುಗಳ ಮನೆಗಳಲ್ಲಿ ಅಗ್ಗಿಷ್ಟಿಕೆಯ ಮೇಲ್ಗಡೆ ಚಾಚಿಕೊಂಡ ಹಲಗೆ ಮ್ಯಾಂಟೆಲ್. ಅದರ ಮೇಲಿರಿಸುವ ಗಡಿಯಾರ ಇದು. ಆರು ತಿಂಗಳು ಬೆವರು, ನಾಲ್ಕು ತಿಂಗಳು ಮಳೆಯ ನಮ್ಮ ಕರಾವಳಿಯಲ್ಲಿ ಅಗ್ಗಿಷ್ಟಿಕೆ ಎಲ್ಲಿಂದ ಬರಬೇಕು? ಇಲ್ಲಿ ಅದಕ್ಕೆ ದೊರೆತದ್ದು ಕಪಾಟಿನ ನೆತ್ತಿ. ಅಂತೂ ನೋಡುವವರ ಕಣ್ಣಿಗಿಂತ ಎತ್ತರದಲ್ಲಿಯೇ ಉಳಿಯಿತು. ಅದನ್ನು ಸಮೀಪದಿಂದ ಯಾರೂ ಪರೀಕ್ಷಿಸದೆ ಹೋದುದಕ್ಕೆ ಅದೂ ಒಂದು ಕಾರಣವಿರಬಹುದು.

ಕೆಳಗಿಳಿಸುವಾಗಲೇ ಮೊದಲ ಅನುಮಾನ ಹುಟ್ಟಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಫ್ರಾನ್ಸಿನ ಗಡಿಯಾರ ತಯಾರಕರು ಬೆಲ್ಜಿಯಮ್ಮಿನ ಕರಿಗಲ್ಲಿನಿಂದ ಗುಡಿಯಾಕಾರದ ಪೆಟ್ಟಿಗೆಗಳನ್ನು ಮಾಡುತ್ತಿದ್ದರು. ಅವು ಯುರೋಪಿನ ಸಿರಿವಂತರ ಮನೆಗಳಲ್ಲಿ ಬಹಳ ಬಳಕೆಗೆ ಬಂದವು. ಅಂತಹ ಕಲ್ಲಿನ ಗಡಿಯಾರವನ್ನು ಎತ್ತಲು ಗಟ್ಟಿ ಆಳು ಬೇಕು. ನಮ್ಮದನ್ನು ಸುಣ್ಣದ ಕೆಲಸಕ್ಕೆ ಬಂದ ಹುಡುಗ ಒಂದೇ ಕಂಕುಳಲ್ಲಿ ಇಳಿಸಿಕೊಂಡು ಬಂದ. ಕಲ್ಲು ಮುಟ್ಟಿದರೆ ತಣ್ಣಗಿರಬೇಕು, ಇದು ಹಾಗಿರಲಿಲ್ಲ. ಕಲ್ಲಿನ ಬೆಲೆ ಕೊಡಲಾರದವರಿಗಾಗಿ ಕಬ್ಬಿಣದ ಪೆಟ್ಟಿಗೆಗೆ ಕಪ್ಪು ಲೇಪ ಕೊಟ್ಟು ಮಾರುತ್ತಿದ್ದುದೂ ಉಂಟು. ವಿಜ್ಞಾನದ ಪ್ರಯೋಗಶಾಲೆಯಿಂದ ಅಯಸ್ಕಾಂತ ತಂದು ಹಿಡಿದೆವು; ಅಂಟಲಿಲ್ಲ. ಬೆರಳ ಗೆಣ್ಣಿನಿಂದ ತಟ್ಟಿದಾಗ ಬಂದ ಶಬ್ದ ಮಾತ್ರ ನಮ್ಮೆಲ್ಲರಿಗೂ ಪರಿಚಿತವಾದುದು: ಮರದ ಬಾಗಿಲು ತಟ್ಟಿದ ಶಬ್ದ.

ಮಂಗಳೂರಿನಲ್ಲಿ ಹಳೆಯ ಗಡಿಯಾರಗಳ ರಿಪೇರಿಯಲ್ಲಿಯೇ ತಲೆ ನರೆತ ಒಬ್ಬ ಹಿರಿಯರಿದ್ದಾರೆ. ಅವರು ಬಂದು, ಕನ್ನಡಕ ಏರಿಸಿ, ಪೆಟ್ಟಿಗೆಯ ಒಂದು ಮೂಲೆಯನ್ನು ಹೆಬ್ಬೆರಳಿನಿಂದ ಬಿಸಿಯಾಗುವಂತೆ ಉಜ್ಜಿ, ನಮ್ಮ ಕಡೆಗೆ ಬಾಗಿಸಿದರು.

“ಮೂಸಿ ನೋಡಿ, ಟೀಚರೇ.”

ಮೂಸಿದೆವು. ನವಿರಾದ ಕರ್ಪೂರದ ಪರಿಮಳ!

ಈ ಪರಿಮಳವನ್ನು ಹಿಂದಿನ ಶಿಕ್ಷಕರೂ ಗಮನಿಸಿದ್ದರು. ಗಡಿಯಾರ ಸ್ವಲ್ಪ ಕಾಲ ಯಾವುದೋ ದೇವಸ್ಥಾನದಲ್ಲಿತ್ತು, ಅದಕ್ಕೇ ಕರ್ಪೂರದ ವಾಸನೆ ಎಂಬ ಉಪಕಥೆಯೊಂದೂ ಚಾಲ್ತಿಯಲ್ಲಿತ್ತು. ನಿಜವಾದ ಕಾರಣ ರಸಾಯನಶಾಸ್ತ್ರದ್ದು. ಪೆಟ್ಟಿಗೆ ಮರದ್ದು, ಅದರ ಮೇಲೆ ಅಂಟಿಸಿರುವ ಕಪ್ಪು ಹೊಳಪಿನ ಹಾಳೆ ಮತ್ತು ಕಂಬಗಳ ಹಸಿರು ಹೊದಿಕೆ ಸೆಲ್ಯುಲಾಯ್ಡಿನವು. ಹತ್ತಿಯ ನಾರನ್ನು ನೈಟ್ರಿಕ್ ಆಮ್ಲದಿಂದ ಸಂಸ್ಕರಿಸಿ, ಕರ್ಪೂರದೊಡನೆ ನಾದಿ, ಒತ್ತಿ ತಯಾರಿಸುವ ವಸ್ತು ಸೆಲ್ಯುಲಾಯ್ಡ್. ಅಮೆರಿಕದ ಜಾನ್ ವೆಸ್ಲಿ ಹಯಾಟ್ 1870ರ ಸುಮಾರಿಗೆ ಅದನ್ನು ವ್ಯಾಪಾರದ ಸರಕಾಗಿಸಿದರು. ಬಾಚಣಿಗೆ, ಚಾಕುವಿನ ಹಿಡಿ, ಮುಂದೆ ಸಿನಿಮಾದ ಫಿಲ್ಮು ಕೂಡ ಇದರಿಂದಲೇ ಆಯಿತು. ಆ ಕಾಲದಲ್ಲಿ ಲೋಕಕ್ಕೆ ಬೇಕಾದ ಕರ್ಪೂರದ ಬಹುಭಾಗ ಬರುತ್ತಿದ್ದುದು ತೈವಾನಿನ ಕಾಡುಗಳಿಂದ; 1899ರಲ್ಲಿ ಜಪಾನು ಸರಕಾರ ಅದರ ವ್ಯಾಪಾರವನ್ನು ತನ್ನ ಏಕಸ್ವಾಮ್ಯಕ್ಕೆ ತೆಗೆದುಕೊಂಡಿತು. ನಮ್ಮಲ್ಲಿ ದೇವರ ಮುಂದೆ ಉರಿಯುವ ವಸ್ತು ಅಲ್ಲಿ ಗಡಿಯಾರದ ಮೈಗೆ ಸೇರಿತ್ತು.

ಈ ಸೆಲ್ಯುಲಾಯ್ಡ್ ಹೊದಿಕೆಗೆ ಅಮೆರಿಕದ ಸೇತ್ ಥಾಮಸ್ ಕಂಪನಿ ಆ್ಯಡಮಂಟೈನ್ ಎಂಬ ಗಟ್ಟಿಮುಟ್ಟಾದ ಹೆಸರು ಕೊಟ್ಟಿತ್ತು. ಹೊದಿಕೆಯ ಪೇಟೆಂಟು 1880ರ ಸೆಪ್ಟೆಂಬರ್ 7ನೆಯ ತಾರೀಕಿನದು. ಪೆಟ್ಟಿಗೆಯ ಹಿಂಬದಿಯ ಕಾಗದದ ಚೀಟಿಯನ್ನು ಬೆಳ್ಳಿಹುಳುಗಳು ಮುಕ್ಕಾಲು ಪಾಲು ತಿಂದಿದ್ದರೂ ಈ ತಾರೀಕಿನ ಸಾಲನ್ನು ದಯೆಯಿಟ್ಟು ಬಿಟ್ಟಿದ್ದವು. ಹಿಂಬಾಗಿಲು ತೆರೆದು ಟಾರ್ಚು ಬಿಟ್ಟಾಗ ಹಿತ್ತಾಳೆಯ ಹಲಗೆಯ ಮೇಲೆ ಕಂಪನಿಯ ಮುದ್ರೆಯೂ ಅಮೆರಿಕದಲ್ಲಿ ತಯಾರಾದುದೆಂಬ ಬರಹವೂ 89 ಎಂಬ ಸಂಖ್ಯೆಯೂ ಕಂಡವು. 89 ಎಂಬುದು ವರ್ಷವಲ್ಲ. ಅದು ಯಂತ್ರದ ಮಾದರಿಯ ಸಂಖ್ಯೆ; ಈ ಕಂಪನಿ ಅತಿ ಹೆಚ್ಚು ಬಳಸಿದ ಎಂಟು ದಿನಗಳ ಯಂತ್ರಗಳಲ್ಲಿ ಒಂದು. ನಮ್ಮ ಉತ್ಸಾಹಿ ಸಹೋದ್ಯೋಗಿಯೊಬ್ಬರು ಅದನ್ನು 1889 ಎಂದು ಓದಿ ಗೋಡೆಪತ್ರಿಕೆಯಲ್ಲಿ ಬರೆಯಲು ಸಿದ್ಧರಾಗಿದ್ದರು. ಹಳೆಯ ಗಡಿಯಾರ ಮನೆಯಲ್ಲಿರುವ ಓದುಗರು ಈ ಮಾತನ್ನು ನೆನಪಿಡಬೇಕು: ಯಂತ್ರದ ಮೇಲಿನ ಎಲ್ಲ ಅಂಕಿಗಳೂ ಇಸವಿಗಳಲ್ಲ, ಪೇಟೆಂಟಿನ ತಾರೀಕು ಗಡಿಯಾರ ಹುಟ್ಟಿದ ತಾರೀಕೂ ಅಲ್ಲ, ಅದಕ್ಕಿಂತ ಮೊದಲು ಅದು ಹುಟ್ಟಿರಲಾರದು ಎಂಬುದಷ್ಟಕ್ಕೇ ಪುರಾವೆ.

ಹುಟ್ಟಿದ ತಾರೀಕು ಸಿಕ್ಕಿದ್ದು ತಳದಲ್ಲಿ. ಲೋಲಕವನ್ನು ಕಳಚಿ, ಬಟ್ಟೆ ಹಾಸಿ, ಗಡಿಯಾರವನ್ನು ಜೋಪಾನವಾಗಿ ಮಲಗಿಸಿ ನೋಡಿದಾಗ, ಮರದ ತಳದಲ್ಲಿ ಮಾಸಿದ ಶಾಯಿಯ ಅಚ್ಚು ಇತ್ತು: 5091, ಅದರ ಪಕ್ಕದಲ್ಲಿ ಜಿ ಎಂಬ ಇಂಗ್ಲಿಷ್ ಅಕ್ಷರ. ಸೇತ್ ಥಾಮಸ್ ಕಂಪನಿಯವರು 1880ರ ದಶಕದಿಂದ ಸುಮಾರು ಮೂರೂವರೆ ದಶಕಗಳ ಕಾಲ ಇಸವಿಯನ್ನು ಹಿಂದುಮುಂದಾಗಿ ಅಚ್ಚೊತ್ತಿ, ತಿಂಗಳಿಗೆ ಎ ಇಂದ ಎಲ್ ವರೆಗಿನ ಹನ್ನೆರಡು ಅಕ್ಷರಗಳಲ್ಲೊಂದನ್ನು ಸೇರಿಸುತ್ತಿದ್ದರು. 5091ನ್ನು ತಿರುಗಿಸಿ ಓದಿದರೆ 1905. ಜಿ ಏಳನೆಯ ಅಕ್ಷರ, ಜುಲೈ ತಿಂಗಳು. ಅಂಗಡಿಯವರಿಗೆ ಮಾಲು ಹಳತೆಂದು ಕೊಳ್ಳುವವರ ಕಣ್ಣಿಗೆ ಬೀಳದಿರಲೆಂದು ಹೀಗೆ ಮಾಡುತ್ತಿದ್ದಿರಬಹುದು ಎಂಬುದು ನಮ್ಮ ಊಹೆ. ಆರನೆಯ ತರಗತಿಯ ಹುಡುಗಿಯೊಬ್ಬಳು ಅದನ್ನು ನಮಗಿಂತ ಮೊದಲೇ ತಿರುಗಿಸಿ ಓದಿದಳೆಂಬುದನ್ನೂ ಇಲ್ಲಿ ದಾಖಲಿಸಬೇಕು.

ಸೇತ್ ಥಾಮಸ್ ಎಂಬುದು ಒಬ್ಬ ಮನುಷ್ಯನ ಹೆಸರು. 1785ರಲ್ಲಿ ಹುಟ್ಟಿದ ಈತ ಮೂಲತಃ ಬಡಗಿ. ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ಎಲೈ ಟೆರಿ ಎಂಬಾತ ಮೂರು ವರ್ಷಗಳಲ್ಲಿ ನಾಲ್ಕು ಸಾವಿರ ಗಡಿಯಾರಯಂತ್ರಗಳನ್ನು ಮಾಡಿಕೊಡುವ ಕರಾರು ಒಪ್ಪಿಕೊಂಡಾಗ, ಅವನ ಕೈಕೆಳಗೆ ಈತ ಕೆಲಸ ಮಾಡಿದ. ಆ ಯಂತ್ರಗಳ ಹಲ್ಲುಚಕ್ರಗಳು ಹಿತ್ತಾಳೆಯವಲ್ಲ, ಮರದವು. ಅಲ್ಲಿಯವರೆಗೆ ಒಬ್ಬ ಕುಶಲಕರ್ಮಿ ಒಂದು ಗಡಿಯಾರವನ್ನು ತಿಂಗಳುಗಟ್ಟಲೆ ಕುಳಿತು ಮಾಡುತ್ತಿದ್ದ. ಟೆರಿ ನೀರಿನ ಬಲದಿಂದ ತಿರುಗುವ ಯಂತ್ರಗಳಲ್ಲಿ ಒಂದೇ ಅಳತೆಯ ಬಿಡಿಭಾಗಗಳನ್ನು ರಾಶಿರಾಶಿಯಾಗಿ ಕತ್ತರಿಸಿ, ಯಾವುದನ್ನು ಎಲ್ಲಿ ಬೇಕಾದರೂ ಜೋಡಿಸಬಹುದೆಂದು ತೋರಿಸಿದ. ಗಡಿಯಾರ ಸಾಮಾನ್ಯರ ಮನೆ ಹೊಕ್ಕದ್ದು ಅಂದಿನಿಂದ. ಥಾಮಸ್ ಬಳಿಕ ತನ್ನದೇ ಕಾರ್ಖಾನೆ ತೆರೆದ. 1853ರಲ್ಲಿ ಅದು ಕಂಪನಿಯಾಯಿತು. 1859ರಲ್ಲಿ ಆತ ತೀರಿಕೊಂಡ. ಕಾರ್ಖಾನೆಯಿದ್ದ ಭಾಗ 1875ರಲ್ಲಿ ಪ್ರತ್ಯೇಕ ಪಟ್ಟಣವಾಯಿತು. ಅದರ ಹೆಸರು ಥಾಮಸ್ಟನ್. ಬಡಗಿಯೊಬ್ಬನ ಹೆಸರನ್ನು ಊರಿಗೇ ಇಟ್ಟ ಉದಾಹರಣೆ ನಮ್ಮ ಕಡೆಯಲ್ಲಿ ನಮಗಂತೂ ತಿಳಿಯದು.

ಹೀಗೆ ಒಂದೇ ವಾರದಲ್ಲಿ ಇಂಗ್ಲೆಂಡು ಹೋಯಿತು, ಅಮೃತಶಿಲೆಯೂ ಹೋಯಿತು. ಉಳಿದದ್ದು ಕಲೆಕ್ಟರ್ ದೊರೆಗಳು. ಶಾಲೆ ಹುಟ್ಟಿದ್ದು 1925ರಲ್ಲಿ, ಗಡಿಯಾರ 1905ರದು. ಹೊಸ ಶಾಲೆಗೆ ಇಪ್ಪತ್ತು ವರ್ಷ ಹಳೆಯ ಅಗ್ಗದ ಗಡಿಯಾರವನ್ನು ಪ್ರೀತಿಯ ಕಾಣಿಕೆಯಾಗಿ ಕೊಡುವ ದೊರೆಯನ್ನು ಕಲ್ಪಿಸಿಕೊಳ್ಳುವುದು ಸ್ವಲ್ಪ ಕಷ್ಟ. ಮನಸ್ಸಿಗೆ ಸಮಾಧಾನವಾಗದೆ ಹಳೆಯ ದಾಸ್ತಾನು ಪುಸ್ತಕಗಳ ಕಟ್ಟು ಬಿಚ್ಚಿದೆವು. ಗೆದ್ದಲು ಹಿಡಿದ ಮೂರನ್ನು ಬದಿಗಿಟ್ಟು ನಾಲ್ಕನೆಯದನ್ನು ತಿರುವುತ್ತಿದ್ದಾಗ, 1929ನೆಯ ಇಸವಿಯ ಪುಟದಲ್ಲಿ, ಬೆಂಚು, ಕರಿಹಲಗೆ, ನೀರಿನ ಹಂಡೆಗಳ ನಡುವೆ, ಹಳೆಯ ಮೇಜುಗಡಿಯಾರ ಒಂದು ಎಂಬ ನಮೂದು ಸಿಕ್ಕಿತು. ಕ್ರಯ ಹದಿನಾಲ್ಕು ರೂಪಾಯಿ. ಹಣ ಬಂದ ಬಗೆಯನ್ನು ಅಂದಿನ ಹೆಡ್‌ಮಾಸ್ಟರರು ಪುಟದ ಹಿಂಬದಿಯಲ್ಲಿ ಬರೆದಿಟ್ಟಿದ್ದರು. 112 ಮನೆಗಳು, ಮನೆಯೊಂದಕ್ಕೆ ಎರಡಾಣೆ. ರೂಪಾಯಿಗೆ ಹದಿನಾರಾಣೆಯ ಲೆಕ್ಕದಲ್ಲಿ 224 ಆಣೆಗಳು ಸರಿಯಾಗಿ ಹದಿನಾಲ್ಕು ರೂಪಾಯಿ ಆಗುತ್ತವೆ. ಮನೆತನದ ಹೆಸರುಗಳು ಒಂದರ ಕೆಳಗೊಂದು. ಕೆಲವು ಹೆಸರುಗಳ ಮುಂದೆ ದುಡ್ಡಿನ ಬದಲು ಅಡಿಕೆ ಎಂದಿದೆ, ಎರಡು ಕಡೆ ಅಕ್ಕಿ ಎಂದಿದೆ. ಒಂದು ಮನೆಯ ಮುಂದೆ ಒಂದಾಣೆ ಎಂದು ಬರೆದು, ಮುಂದಿನ ತಿಂಗಳ ತಾರೀಕಿನಲ್ಲಿ ಇನ್ನೊಂದಾಣೆ ಸಂದಿದೆ ಎಂದು ಬೇರೆ ಶಾಯಿಯಲ್ಲಿ ಸೇರಿಸಿದ್ದಾರೆ.

ಈ ಪುಟವನ್ನು ನಾವು ಎಷ್ಟು ಹೊತ್ತು ನೋಡುತ್ತ ಕುಳಿತೆವೋ ನೆನಪಿಲ್ಲ. ಕಲೆಕ್ಟರರ ಕಥೆ ಯಾವಾಗ, ಯಾರಿಂದ ಹುಟ್ಟಿತೆಂದು ಹುಡುಕುವ ಮನಸ್ಸಾಗಲಿಲ್ಲ. ದೊಡ್ಡವರು ಕೊಟ್ಟರೆಂದರೆ ವಸ್ತುವಿಗೆ ತೂಕ ಬರುತ್ತದೆಂದು ನಂಬುವ ಅಭ್ಯಾಸ ನಮ್ಮೆಲ್ಲರದೂ ಹೌದು. ಆದರೆ ಅಷ್ಟು ವರ್ಷ ವೇದಿಕೆಯ ಮೇಲೆ ನಿಂತು ದೊರೆಗಳಿಗೆ ಕೃತಜ್ಞತೆ ಹೇಳುತ್ತಿದ್ದಾಗ, ಎರಡಾಣೆ ಕೊಟ್ಟವರ ಮೊಮ್ಮಕ್ಕಳು ಎದುರಿನ ಚಾಪೆಯ ಮೇಲೆ ಕುಳಿತು ನಮಗೆ ಚಪ್ಪಾಳೆ ತಟ್ಟಿದ್ದರಲ್ಲ ಎಂದು ನಾಚಿಕೆಯಾಯಿತು.

ಇಲ್ಲಿ ಸ್ವಲ್ಪ ಬದಿಗೆ ಸರಿದು ಒಂದು ಮಾತು. ಈ ಗಡಿಯಾರ ಭಾರತದ ಅಧಿಕೃತ ಕಾಲಕ್ಕಿಂತ ಹಿರಿಯದು. ದೇಶಕ್ಕೆಲ್ಲ ಒಂದೇ ಸಮಯವೆಂಬ ಏರ್ಪಾಡು ಜಾರಿಗೆ ಬಂದದ್ದು 1906ರ ಜನವರಿ 1ರಂದು. ಅದಕ್ಕೆ ಮುನ್ನ ಮದರಾಸಿಗೆ ಒಂದು ಸಮಯ, ಮುಂಬಯಿಗೆ ಒಂದು, ಕಲಕತ್ತೆಗೆ ಒಂದು. ಮದರಾಸಿನ ಸಮಯ ಇಂದಿನ ಸಮಯಕ್ಕಿಂತ ಸುಮಾರು 9 ನಿಮಿಷ ಹಿಂದೆ, ಮುಂಬಯಿಯದು 39 ನಿಮಿಷ ಹಿಂದೆ. ಮುಂಬಯಿ ನಗರವಂತೂ ತನ್ನ ಸಮಯವನ್ನು 1955ರವರೆಗೂ ಹಟದಿಂದ ಉಳಿಸಿಕೊಂಡಿತ್ತು. ಥಾಮಸ್ಟನ್ನಿನಲ್ಲಿ ನಮ್ಮ ಗಡಿಯಾರದ ಪೆಟ್ಟಿಗೆಗೆ ಶಾಯಿಯ ಅಚ್ಚು ಬಿದ್ದಾಗ ಮಂಗಳೂರಿಗೆ ರೈಲು ಬಂದಿರಲಿಲ್ಲ. ಅದು ಬಂದದ್ದು 1907ರಲ್ಲಿ. ಯುದ್ಧಕಾಲದಲ್ಲಿ, 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರದವರೆಗೆ, ದೇಶದ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಿಟ್ಟಿದ್ದರು. ಕತ್ತಲಲ್ಲೇ ಶಾಲೆಗೆ ಹೊರಡುತ್ತಿದ್ದೆವು ಎಂದು ಹಿರಿಯ ಹಳೆವಿದ್ಯಾರ್ಥಿಗಳು ಹೇಳುತ್ತಿದ್ದುದು ಅದನ್ನೇ. 1956ರ ನವೆಂಬರ್ 1ರಂದು ರಾಜ್ಯ ಬದಲಾಯಿತು, ನಾವು ಕೇರಳದವರಾದೆವು. ಆ ದಿನ ಮಾತ್ರ ಮುಳ್ಳು ತಿರುಗಿಸಬೇಕಾಗಲಿಲ್ಲ. ಸೂರ್ಯನಿಗೆ ಈ ಯಾವ ಆಜ್ಞೆಯೂ ತಟ್ಟಿಲ್ಲ. ನಮ್ಮೂರು 75 ಡಿಗ್ರಿ ರೇಖಾಂಶದ ಬಳಿ ಇದೆ, ದೇಶದ ಸಮಯ 82.5 ಡಿಗ್ರಿಯದು. ಆದ್ದರಿಂದ ಗಡಿಯಾರ ಹನ್ನೆರಡು ಬಾರಿಸಿ ಸುಮಾರು ಅರ್ಧಗಂಟೆಯಾದ ಮೇಲೆಯೇ ಇಲ್ಲಿ ನಡುಮಧ್ಯಾಹ್ನ. ಅಂಗಳದಲ್ಲಿ ಕೋಲು ನೆಟ್ಟು ನೆರಳು ಅಳೆಯುವ ಮಕ್ಕಳಿಗೆ ಈ ವ್ಯತ್ಯಾಸ ಪ್ರತಿ ವರ್ಷವೂ ಹೊಸ ಅಚ್ಚರಿ. ಗಡಿಯಾರದ ಮುಖದಲ್ಲಿ ಅವರಿಗೆ ಇನ್ನೊಂದು ತಕರಾರೂ ಇದೆ. ರೋಮನ್ ಅಂಕಿಗಳಲ್ಲಿ ನಾಲ್ಕನ್ನು ನಾಲ್ಕು ನೇರ ಗೀಟುಗಳಿಂದ ಬರೆಯುವುದು ಗಡಿಯಾರ ತಯಾರಕರ ಹಳೆಯ ಪದ್ಧತಿ; ಪಾಠಪುಸ್ತಕದ ಪದ್ಧತಿ ಬೇರೆ. ಹಾಗೆ ಬರೆದು ಅಂಕ ಕಳೆದುಕೊಂಡ ಹುಡುಗನೊಬ್ಬ ಗಡಿಯಾರವನ್ನೇ ಸಾಕ್ಷಿಗೆ ಕರೆದಿದ್ದ. ಅಂಕ ಕೊಟ್ಟೆವು.

ಇನ್ನು ಬೆಲೆ. ಹಳೆಯ ಗಡಿಯಾರವೆಂದರೆ ಹಣದ ಗಂಟೆಂಬ ಭಾವನೆ ವ್ಯಾಪಕವಾಗಿದೆ. ಪ್ರಾಯ ಮಾತ್ರದಿಂದ ಬೆಲೆ ಏರುವುದಿಲ್ಲ. ಎಷ್ಟು ತಯಾರಾಗಿದ್ದವು, ಎಷ್ಟು ಉಳಿದಿವೆ, ಯಂತ್ರ ಮತ್ತು ಪೆಟ್ಟಿಗೆ ಜೊತೆಯಾಗಿಯೇ ಹುಟ್ಟಿದವೇ, ಮುಖಫಲಕ ಮೂಲದ್ದೇ, ಮುಳ್ಳು, ಲೋಲಕ, ಕಾಲು, ಚೀಟಿ ಇವೆಯೇ, ಯಾರಾದರೂ ಬಣ್ಣ ಬಳಿದಿದ್ದಾರೆಯೇ ಎಂಬುದನ್ನೆಲ್ಲ ಬಲ್ಲವರು ನೋಡುತ್ತಾರೆ. ಆ್ಯಡಮಂಟೈನ್ ಗಡಿಯಾರಗಳು ಅಪಾರ ಸಂಖ್ಯೆಯಲ್ಲಿ ತಯಾರಾದವು, ಇಂದಿಗೂ ಅಮೆರಿಕದಲ್ಲಿ ಸುಲಭವಾಗಿ ಸಿಗುತ್ತವೆ. ಸಂಗ್ರಾಹಕರು ಅವಕ್ಕಾಗಿ ಪೈಪೋಟಿ ನಡೆಸುವುದಿಲ್ಲ. ಸಾಲದ್ದಕ್ಕೆ, ಸುವರ್ಣ ಮಹೋತ್ಸವದ ಸಂಭ್ರಮದಲ್ಲಿ ನಮ್ಮ ಸಿಂಹಗಳಿಗೆ ಯಾರೋ ಚಿನ್ನದ ಬಣ್ಣದ ಪೇಂಟು ಬಳಿದಿದ್ದಾರೆ. ಮಂಗಳೂರಿನ ಹಿರಿಯರು ಹೇಳಿದ ಮೊತ್ತದಲ್ಲಿ ಮಾಡಿನ ಒಂದು ಬದಿಯ ರೀಪುಗಳೂ ಬರುತ್ತಿರಲಿಲ್ಲ. ಹಳೆಯ ಸಾಮಾನುಗಳನ್ನು ಕೊಳ್ಳುವವರೊಬ್ಬರು ಮಾತ್ರ ತುಸು ಹೆಚ್ಚು ಕೊಡಲು ಮುಂದೆ ಬಂದರು, ಹೊರದೇಶದ ಗಿರಾಕಿಗೆ ಕಳಿಸುವುದಾಗಿಯೂ ಹೇಳಿದರು. ನೂರು ವರ್ಷ ತುಂಬಿದ ಕಲಾವಸ್ತು, ಕುಶಲವಸ್ತುಗಳನ್ನು ಅನುಮತಿಯಿಲ್ಲದೆ ದೇಶದಿಂದ ಹೊರಗೆ ಸಾಗಿಸುವುದನ್ನು 1972ರ ಪ್ರಾಚೀನ ವಸ್ತುಗಳ ಕಾಯಿದೆ ನಿಷೇಧಿಸುತ್ತದೆ. ಇದನ್ನು ತಿಳಿಸಿದ ಮೇಲೆ ಅವರು ಮತ್ತೆ ಬರಲಿಲ್ಲ. ಮನೆಯ ಹಳೆಯ ವಸ್ತುಗಳನ್ನು ಮಾರಲು ಯೋಚಿಸುವ ಪೋಷಕರಿಗೂ ಈ ಮಾತು ಉಪಯೋಗವಾದೀತು.

ಸಮಿತಿಯ ಮುಂದಿನ ಸಭೆಯಲ್ಲಿ ನಮ್ಮ ಒಂದು ಪುಟವನ್ನು ಓದಿದೆವು. ಅಮೆರಿಕದ ಕಾರ್ಖಾನೆ, ಮರದ ಪೆಟ್ಟಿಗೆ, ಅಲ್ಪ ಬೆಲೆ. ಮಾರಾಟದ ಪ್ರಸ್ತಾಪ ತಂದವರ ಮುಖ ಬಾಡಿತು. ಕಥೆಯನ್ನು ನಂಬಿ ಮಾರಾಟ ಬೇಡವೆಂದಿದ್ದವರ ಮುಖ ಇನ್ನೂ ಬಾಡಿತು. ಆಮೇಲೆ ದಾಸ್ತಾನು ಪುಸ್ತಕವನ್ನು ಮೇಜಿನ ಮೇಲಿಟ್ಟು 112 ಮನೆಗಳ ಹೆಸರನ್ನು ನಿಧಾನವಾಗಿ ಓದತೊಡಗಿದೆವು. ಹತ್ತನೆಯ ಹೆಸರಿಗೆ ಒಬ್ಬರು ತಲೆಯೆತ್ತಿದರು. ಮೂವತ್ತರ ಹೊತ್ತಿಗೆ ಎಲ್ಲರೂ ತಮ್ಮ ಮನೆಯ ಹೆಸರಿಗಾಗಿ ಕಿವಿಗೊಟ್ಟಿದ್ದರು. ಎರಡು ಕಂತಿನಲ್ಲಿ ಎರಡಾಣೆ ಕೊಟ್ಟ ಮನೆಯ ಹೆಸರು ಬಂದಾಗ, ಮಾರಾಟದ ಪ್ರಸ್ತಾಪ ಮಾಡಿದ್ದ ಸದಸ್ಯರು, “ಅದು ನನ್ನ ಅಜ್ಜನ ಮನೆ” ಎಂದರು. ಪ್ರಸ್ತಾಪವನ್ನು ಅವರೇ ಹಿಂತೆಗೆದುಕೊಂಡರು. ಮಾಡಿನ ಕೆಲಸಕ್ಕೆ ಬೇರೆ ಪಟ್ಟಿ ತೆರೆಯಲಾಯಿತು, ಅದೇ ಕ್ರಮದಲ್ಲಿ, ಮನೆಯ ಹೆಸರಿನಿಂದ. ಕೆಲಸ ಈಗ ಅರ್ಧ ಆಗಿದೆ. ಪಶ್ಚಿಮದ ಬದಿ ಇನ್ನೂ ಸೋರುತ್ತದೆ.

ಗಡಿಯಾರ ನಿಂತದ್ದೇಕೆ ಎಂಬ ಪ್ರಶ್ನೆಗೆ ಉತ್ತರ ಹೇಳುವಾಗ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ನಾವು ಈ ಶಾಲೆಗೆ ಸೇರಿದ ಹೊಸತರಲ್ಲಿ, ಒಂದು ಮಳೆಗಾಲ ಗಡಿಯಾರ ತಡೆತಡೆದು ನಡೆಯುತ್ತಿದ್ದಾಗ, ಕೋಳಿಗರಿಯ ತುದಿಯಿಂದ ಚಕ್ರಗಳಿಗೆಲ್ಲ ತೆಂಗಿನೆಣ್ಣೆ ಸವರಿದೆವು. ಎರಡು ದಿನ ಅದು ಓಡಿದ್ದನ್ನು ಕಂಡು ಹಿಗ್ಗಿದ್ದೂ ಉಂಟು. ತೆಂಗಿನೆಣ್ಣೆ ಚಳಿಗೆ ಗಟ್ಟಿಯಾಗುತ್ತದೆ, ಹಳತಾದಂತೆ ಅಂಟಾಗುತ್ತದೆ, ಅದರ ಆಮ್ಲ ಹಿತ್ತಾಳೆಯನ್ನು ತಿಂದು ಹಸಿರು ಕಿಲುಬು ಬರಿಸುತ್ತದೆ. ಯಂತ್ರವನ್ನು ಬಿಚ್ಚಿದಾಗ ಅಚ್ಚುಗಳ ಸುತ್ತ ಆ ಹಸಿರು ಹೆಪ್ಪುಗಟ್ಟಿತ್ತು. ಗಡಿಯಾರಕ್ಕೆಂದೇ ಮಾಡಿದ ತೆಳುವಾದ ಎಣ್ಣೆಯನ್ನು, ಅಚ್ಚು ಹಲಗೆಯನ್ನು ಹೊಕ್ಕುವ ಕುಳಿಗಳಿಗೆ ಮಾತ್ರ, ಸೂಜಿಯ ತುದಿಯಷ್ಟು ಹಾಕಬೇಕು. ಚಕ್ರದ ಹಲ್ಲುಗಳಿಗೆ ಎಣ್ಣೆ ಹಾಕಲೇಬಾರದು, ಅದು ಧೂಳನ್ನು ಹಿಡಿದು ಅರಗಿನಂತೆ ತೇಯುತ್ತದೆ. ಪೆಟ್ಟಿಗೆಯೊಳಗೆ ಸೀಮೆಎಣ್ಣೆಯ ಬಟ್ಟೆ ಇಡುವ ಹಳೆಯ ವೈದ್ಯವೂ ಬೇಡ. ನಾಲ್ಕೈದು ವರ್ಷಕ್ಕೊಮ್ಮೆ ಬಲ್ಲವರಿಂದ ಪೂರ್ತಿ ಬಿಚ್ಚಿಸಿ ತೊಳೆಸುವುದೇ ದಾರಿ. ಮನೆಯಲ್ಲಿ ಬಿಚ್ಚುವ ಸಾಹಸ ಯಾರೂ ಮಾಡಬಾರದು. ಸುತ್ತಿದ ಸ್ಪ್ರಿಂಗಿನ ಬಲವನ್ನು ಮೊದಲು ಇಳಿಸದೆ ಹಲಗೆ ಸಡಿಲಿಸಿದರೆ ಬೆರಳಿಗೂ ಕಣ್ಣಿಗೂ ಅಪಾಯ. ಹೆಚ್ಚು ಚಾವಿ ಕೊಟ್ಟು ಗಡಿಯಾರ ಕೆಟ್ಟಿತೆಂಬ ದೂರು ನಮ್ಮ ಪ್ಯೂನ್ ಒಬ್ಬರ ಮೇಲೆ ವರ್ಷಗಟ್ಟಲೆ ಇತ್ತು. ಅದು ನ್ಯಾಯವಲ್ಲ. ಪೂರ್ತಿ ಚಾವಿ ಕೊಟ್ಟ ಮಾತ್ರಕ್ಕೆ ಒಳ್ಳೆಯ ಸ್ಥಿತಿಯ ಗಡಿಯಾರ ನಿಲ್ಲುವುದಿಲ್ಲ. ನಿಲ್ಲಿಸುವುದು ಕೊಳೆ ಮತ್ತು ಒಣಗಿದ ಎಣ್ಣೆ. ಆ ಎಣ್ಣೆ ಯಾರದೆಂದು ಮೇಲೆ ಹೇಳಿದ್ದೇವೆ.

ಪೆಟ್ಟಿಗೆಯ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಸೆಲ್ಯುಲಾಯ್ಡ್ ಬೇಗನೆ ಹೊತ್ತಿಕೊಳ್ಳುವ ವಸ್ತು. ಆಯುಧಪೂಜೆಯಂದು ಗಡಿಯಾರಕ್ಕೆ ಹೂ ಮುಡಿಸಿ, ಪಕ್ಕದಲ್ಲೇ ದೀಪ ಹಚ್ಚಿ, ಮುಖದ ಹತ್ತಿರ ಕರ್ಪೂರದಾರತಿ ಬೆಳಗುತ್ತಿದ್ದೆವಲ್ಲ, ಅದನ್ನು ನೆನೆದರೆ ಈಗ ಎದೆ ನಡುಗುತ್ತದೆ. ಈಗ ಹೂವು, ಕುಂಕುಮ ಕೂಡ ಪೀಠಕ್ಕೆ; ದೀಪ ಕೋಣೆಯ ಇನ್ನೊಂದು ತುದಿಯಲ್ಲಿ. ಸ್ಪಿರಿಟ್, ಥಿನ್ನರ್ ತಗಲಿದರೆ ಹೊದಿಕೆ ಕರಗುತ್ತದೆ. ಆದ್ದರಿಂದಲೇ ಸಿಂಹಗಳ ಚಿನ್ನದ ಪೇಂಟನ್ನು ತೆಗೆಸುವ ಆಸೆಯನ್ನು ಬಿಟ್ಟಿದ್ದೇವೆ. ಅವು ಇನ್ನು ಹೀಗೆಯೇ ಮದುವಣಿಗರಂತೆ ಇರಲಿ. ಒದ್ದೆ ಬಟ್ಟೆಯೂ ಬೇಡ, ಒಣ ಮೆದು ಬಟ್ಟೆ ಸಾಕು. ನಮ್ಮ ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಅಂಟು ಸಡಿಲವಾಗುತ್ತದೆ, ಉಕ್ಕಿನ ಸ್ಪ್ರಿಂಗಿಗೆ ತುಕ್ಕು ಹಿಡಿಯುತ್ತದೆ. ಅದಕ್ಕಾಗಿ ಗಡಿಯಾರವನ್ನು ಪಡುಗಡೆಯ ಹೊರಗೋಡೆಯಿಂದ ಒಳಗೋಡೆಗೆ, ಬಿಸಿಲೂ ಇರಚಲೂ ತಾಗದಲ್ಲಿಗೆ ಸ್ಥಳಾಂತರಿಸಿದ್ದೇವೆ. ಹಿಂಬದಿಯ ಚೀಟಿಯನ್ನು ಹಾಗೆಯೇ ಬಿಟ್ಟಿದ್ದೇವೆ, ಅದರ ಒಂದು ಛಾಯಾಚಿತ್ರ ದಾಸ್ತಾನು ಪುಸ್ತಕದಲ್ಲಿದೆ.

ಪೀಠ ಮಟ್ಟವಾಗಿರುವುದು ಮುಖ್ಯ. ಕಣ್ಣು ಮುಚ್ಚಿ ಕೇಳಿದರೆ ಟಿಕ್ಕಿಗೂ ಟಾಕಿಗೂ ನಡುವಿನ ಬಿಡುವು ಎರಡೂ ಕಡೆ ಸಮವಾಗಿರಬೇಕು. ಕುಂಟುತ್ತಿದ್ದರೆ ಗಡಿಯಾರ ಬೇಗನೆ ನಿಲ್ಲುತ್ತದೆ. ನಮ್ಮದರ ಎಡಗಾಲಿನ ಕೆಳಗೆ ಈಗ ಹಳೆಯ ಒಂದಾಣೆಯ ನಾಣ್ಯವೊಂದಿದೆ. ಅಜ್ಜನ ಮನೆಯವರು ತಂದುಕೊಟ್ಟದ್ದು. ಮುಳ್ಳನ್ನು ಮುಂದಕ್ಕೆ ಮಾತ್ರ ತಿರುಗಿಸಿ, ಪ್ರತಿ ಅರ್ಧಗಂಟೆಗೂ ತಡೆದು, ಬಾರಿಸಿ ಮುಗಿಯುವವರೆಗೆ ಕಾಯಬೇಕು. ಇದರ ಹೊಡೆತಗಳನ್ನು ನಿರ್ಧರಿಸುವುದು ಮುಳ್ಳುಗಳಲ್ಲ, ಒಳಗಿನ ಕಚ್ಚುಗಳುಳ್ಳ ಎಣಿಕೆಚಕ್ರ. ಅವಸರ ಮಾಡಿದರೆ ಮುಳ್ಳು ಮೂರು ತೋರಿಸುವಾಗ ಗಂಟೆ ಐದು ಹೊಡೆದೀತು. ಹಾಗಾದಾಗ ಹೊಡೆದ ಸಂಖ್ಯೆಗೆ ಸಣ್ಣ ಮುಳ್ಳನ್ನು ಮೆಲ್ಲನೆ ಸರಿಸಿ, ಬಳಿಕ ದೊಡ್ಡ ಮುಳ್ಳಿನಿಂದ ಸಮಯ ಹೊಂದಿಸಿದರಾಯಿತು.

ಪ್ರತಿ ಸೋಮವಾರ ಪ್ರಾರ್ಥನೆಯ ಬಳಿಕ ಇಬ್ಬರು ಮಕ್ಕಳು ಬಂದು ಚಾವಿ ಕೊಡುತ್ತಾರೆ: ಬಲದ ತೂತು ನಡಿಗೆಗೆ, ಎಡದ್ದು ಗಂಟೆಗೆ. ರೇಡಿಯೊದ ಸಮಯಕ್ಕೆ ಹೋಲಿಸಿ ವ್ಯತ್ಯಾಸವನ್ನು ಪುಸ್ತಕದಲ್ಲಿ ಬರೆಯುತ್ತಾರೆ. ಹನ್ನೆರಡರ ಮೇಲ್ಗಡೆಯ ಸಣ್ಣ ಚೌಕಕ್ಕೆ ಚಾವಿಯ ಕಿರಿಯ ತುದಿಯನ್ನು ಸಿಕ್ಕಿಸಿ ಎಫ್ ಕಡೆಗೆ ತಿರುಗಿಸಿದರೆ ಲೋಲಕ ಗಿಡ್ಡವಾಗಿ ವೇಗ ಹೆಚ್ಚುತ್ತದೆ, ಎಸ್ ಕಡೆಗೆ ತಿರುಗಿಸಿದರೆ ತಗ್ಗುತ್ತದೆ. ಜೂನ್ ಮೊದಲ ವಾರ ಮಳೆ ಹಿಡಿದಾಗ ಗಡಿಯಾರ ವಾರಕ್ಕೆ ನಾಲ್ಕು ನಿಮಿಷ ಹಿಂದೆ ಬಿದ್ದಿತ್ತು. ಐದನೆಯ ತರಗತಿಯ ಇಬ್ಬರು ಚೌಕವನ್ನು ಕೂದಲೆಳೆಯಷ್ಟು ತಿರುಗಿಸಿ ಹೋದರು. ಈ ಸೋಮವಾರದ ನಮೂದಿನಲ್ಲಿ ನಲವತ್ತು ಸೆಕೆಂಡು ಮುಂದೆ ಎಂದಿದೆ.